ಸಮಾಧಿಯ ಜಾಗ ಬಿಟ್ಟು: ವರ್ಜೀನಿಯಾದಲ್ಲಿ ಮೂರು ದಿನ

ಮಗಳ ಮನೆ ಇರುವುದು ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್‌ನಲ್ಲಿ. ಅಕ್ಟೋಬರ್‌ನಲ್ಲಿ ಸೋಮವಾರದ ರಜೆಯೂ ಸೇರಿ ಬಿಡುವು ಸಿಕ್ಕಿದಾಗ ಎಲ್ಲಿಗೆ ಹೋಗುವುದು ಎಂಬ ಚರ್ಚೆ ಎದ್ದಿತು. ಅಳಿಯ ನಯಾಗರ ಎಂದರು. ಹೆಂಡತಿ ನ್ಯೂಜೆರ್ಸಿಯ ದೊಡ್ಡ ದೇವಸ್ಥಾನ ಎಂದಳು. ವಸಾಹತು ಕಾಲದ ತೋಟದ ಮನೆಗಳನ್ನೂ ಅವುಗಳ ಹಿತ್ತಲಿನ ಕುಟುಂಬದ ಸಮಾಧಿಗಳನ್ನೂ ನೋಡಬೇಕೆಂದು ಹಟ ಹಿಡಿದವನು ನಾನೊಬ್ಬನೇ. "ಗೋರಿ ನೋಡುವುದಕ್ಕೆ ಸಮುದ್ರ ದಾಟಿ ಬರಬೇಕಿತ್ತೇ?" ಎಂದು ಹೆಂಡತಿ ಗೊಣಗಿದಳು. ಗೊಣಗುತ್ತಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿದಳು.

ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದೇ ನಿವೃತ್ತನಾದವನು ನಾನು. ನಮ್ಮ ರಾಣೆಬೆನ್ನೂರು, ಹರಿಹರದ ಕಡೆ ಹೂಳುವ ಪದ್ಧತಿಯಿರುವ ಮನೆತನಗಳಲ್ಲಿ ಹಿರಿಯರ ಸಮಾಧಿ ಹೊಲದ ಮೂಲೆಯಲ್ಲೋ ಬದುವಿನ ಪಕ್ಕದಲ್ಲೋ ಇರುವುದುಂಟು. ಊರ ಸ್ಮಶಾನವಾದರೆ ದಾಖಲೆಯಲ್ಲಿ 'ಬ' ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ, ಎಂದು ನಮೂದಾಗುತ್ತದೆ. ಹೊಲದೊಳಗಿನ ಮನೆತನದ ಸಮಾಧಿಗೆ ಪಹಣಿಯಲ್ಲಿ ಜಾಗವಿಲ್ಲ. ಹೊಲ ಮಾರುವ ದಿನ ಮಾತ್ರ ಅದು ಎದ್ದು ಕೂರುತ್ತದೆ. "ಸಮಾಧಿಯ ಜಾಗ ಬಿಟ್ಟು ಬರೆಯಿರಿ" ಎಂದು ಮನೆಯ ಹಿರಿಯರು ಪತ್ರಬರಹಗಾರನ ಮುಂದೆ ಪಟ್ಟು ಹಿಡಿಯುತ್ತಾರೆ. ಎಡೆ ಇಡಲು ದಾರಿ ಬಿಡುತ್ತೇನೆಂದು ಕೊಂಡವನು ಒಪ್ಪುತ್ತಾನೆ. ಅವನ ಮಗನ ಕಾಲಕ್ಕೆ ಬೇಲಿ ಬೀಳುತ್ತದೆ, ಅಳತೆಗೆ ಅರ್ಜಿ ಬರುತ್ತದೆ. ಅಂಥ ಅರ್ಜಿಗಳ ಹಿಂದೆ ಅಲೆದವನಿಗೆ ಬೇರೆ ದೇಶದವರು ಇದನ್ನು ಹೇಗೆ ನಿಭಾಯಿಸಿದರು ಎಂದು ನೋಡುವ ಕುತೂಹಲವಿತ್ತು. ಮೇಲಾಗಿ ಅಲ್ಲಿನ ಎಕರೆಯೂ ನಮ್ಮ ಎಕರೆಯೂ ಒಂದೇ: 43,560 ಚದರ ಅಡಿ. ಎರಡೂ ಇಂಗ್ಲಿಷರ 66 ಅಡಿಯ ಸರಪಳಿಯ ಲೆಕ್ಕ. ನಾವು ಬಳಸುತ್ತಿದ್ದುದು ಅದರ ಅರ್ಧ, 33 ಅಡಿಯದು. ಅದರ ಚೌಕವೇ ಗುಂಟೆ.

ಮೊದಲ ದಿನ: ಮೌಂಟ್ ವರ್ನನ್

ಜಾರ್ಜ್ ವಾಷಿಂಗ್ಟನ್ನನ ಮನೆ ಪೊಟೊಮ್ಯಾಕ್ ನದಿಯ ದಂಡೆಯ ಮೇಲಿದೆ. ಮನೆಯ ಒಳಗೆ ಜನವೋ ಜನ. ಕೊಠಡಿಯಿಂದ ಕೊಠಡಿಗೆ ಸರದಿಯಲ್ಲಿ ದಾಟಿಸಿ ಹೊರಗೆ ಕಳಿಸಿದರು. ಹೊರಗಿನ ನದಿಯ ನೋಟ ಒಳಗಿನ ಎಲ್ಲಕ್ಕಿಂತ ಚೆನ್ನಾಗಿತ್ತು.

ಸಮಾಧಿಗೆ ಇಳಿಜಾರಿನಲ್ಲಿ ನಡೆದು ಹೋಗಬೇಕು. ಮೊದಲು ಸಿಗುವುದು ಹಳೆಯ ನೆಲಗೂಡು, ಅಂದರೆ ಮನೆಯವರ ಶವಪೆಟ್ಟಿಗೆಗಳನ್ನು ಇಡುವ ನೆಲಮಾಳಿಗೆ. ಅದು ಶಿಥಿಲವಾಗಿದೆ, ಜಾಗವೂ ಸರಿಯಿಲ್ಲ, ಇಟ್ಟಿಗೆಯಲ್ಲಿ ದೊಡ್ಡದಾಗಿ ಹೊಸತನ್ನು ಕಟ್ಟಿ ಎಂದು ವಾಷಿಂಗ್ಟನ್ ಉಯಿಲಿನಲ್ಲಿ ಜಾಗವನ್ನೂ ಗುರುತಿಸಿ ಬರೆದಿದ್ದ. ಅವನು ತೀರಿಕೊಂಡದ್ದು 1799ರ ಡಿಸೆಂಬರ್ 14ರಂದು. ಹೊಸ ಸಮಾಧಿ ಸಿದ್ಧವಾದದ್ದು 1831ರಲ್ಲಿ. ದೇಶದ ಮೊದಲ ಅಧ್ಯಕ್ಷನ ಉಯಿಲಿನ ಒಂದು ಷರತ್ತು ಜಾರಿಯಾಗಲು ಮೂವತ್ತು ವರ್ಷ ದಾಟಿತು. ನಮ್ಮ ಕಂದಾಯ ಇಲಾಖೆಯನ್ನು ಬೈಯುವವರು ಇದನ್ನು ಗಮನಿಸಬೇಕು. ನಡುವೆ ಇನ್ನೊಂದು ಎಳೆದಾಟವೂ ನಡೆಯಿತು. ರಾಜಧಾನಿಯ ಸಂಸತ್ ಭವನದ ಕೆಳಗೆ ಅವನಿಗಾಗಿ ಒಂದು ಗೂಡು ಮಾಡಿಸಿದರು. ಮನೆಯವರು ಹೆಣ ಕೊಡಲಿಲ್ಲ. ಆ ಗೂಡು ಇಂದಿಗೂ ಖಾಲಿ.

ಕೆಂಪು ಇಟ್ಟಿಗೆಯ ಕಮಾನು, ಕಬ್ಬಿಣದ ಬಾಗಿಲು, ಒಳಗೆ ವಾಷಿಂಗ್ಟನ್ನನದೂ ಹೆಂಡತಿ ಮಾರ್ಥಾಳದೂ ಅಮೃತಶಿಲೆಯ ಪೆಟ್ಟಿಗೆಗಳು. ಅವುಗಳ ಹಿಂದಿನ ಮುಚ್ಚಿದ ಕೋಣೆಯಲ್ಲಿ ಉಳಿದ ಬಂಧುಗಳಿದ್ದಾರೆ. ಜೀವ ಹೋಗಿ ಮೂರು ದಿನ ಆಗುವ ಮೊದಲು ನನ್ನನ್ನು ಗೂಡಿಗೆ ಹಾಕಬೇಡಿ ಎಂದು ಅವನು ಕಾರ್ಯದರ್ಶಿಗೆ ಹೇಳಿದ್ದನಂತೆ. ಜೀವಂತ ಹೂತುಬಿಟ್ಟಾರು ಎಂಬ ಭಯ ಆ ಕಾಲದಲ್ಲಿ ಬಹಳ ಜನರಿಗಿತ್ತು. ಯುದ್ಧ ಗೆದ್ದವನೂ ಈ ಭಯಕ್ಕೆ ಹೊರತಾಗಿರಲಿಲ್ಲ ಎಂದು ಕೇಳಿ ಹೆಂಡತಿಗೆ ಮೊದಲ ಬಾರಿ ಆಸಕ್ತಿ ಹುಟ್ಟಿತು. ನನಗೆ ಅವನ ಮೇಲೆ ಬೇರೆಯೇ ಸಲಿಗೆ. 1749ರಲ್ಲಿ, ಇನ್ನೂ 17ರ ಹುಡುಗನಾಗಿದ್ದಾಗ, ಕಲ್ಪೆಪರ್ ಕೌಂಟಿಯ ಸರ್ವೆಯರ್ ಆಗಿ ನೇಮಕಗೊಂಡವನು ಅವನು.

ಸಮಾಧಿಯಿಂದ ನೈಋತ್ಯಕ್ಕೆ ಐವತ್ತು ಗಜ ನಡೆದರೆ ಮರಗಳ ನಡುವೆ ಇನ್ನೊಂದು ಸ್ಮಶಾನವಿದೆ. ಮೇಲಿನ ಗುಂಪಿನಲ್ಲಿ ಅರ್ಧದಷ್ಟೂ ಜನ ಇಲ್ಲಿಗೆ ಬರುತ್ತಿರಲಿಲ್ಲ. ವಾಷಿಂಗ್ಟನ್ ಸಾಯುವ ವರ್ಷ ಈ ಎಸ್ಟೇಟಿನಲ್ಲಿ 317 ಮಂದಿ ಗುಲಾಮರಿದ್ದರು. ಅವರಲ್ಲಿ 123 ಮಂದಿ ಅವನ ಸ್ವಂತ ಹೆಸರಿನಲ್ಲಿದ್ದವರು. ಮಾರ್ಥಾಳ ಕಾಲಾನಂತರ ಅವರನ್ನು ಬಿಡುಗಡೆ ಮಾಡಬೇಕೆಂದು ಉಯಿಲಿನಲ್ಲಿ ಬರೆದ. ಅವಳು ಅಷ್ಟು ಕಾಯದೆ 1801ರ ಜನವರಿ 1ರಂದೇ ಬಿಟ್ಟಳು. ಇಲ್ಲಿ ಮಣ್ಣಾದವರ ತಲೆಯ ಬಳಿ ಹೆಸರು ಕೊರೆದ ಕಲ್ಲಿಲ್ಲ. 1929ರಲ್ಲಿ ನೆಟ್ಟ ಒಂದು ಹಾಸುಗಲ್ಲು ಅವರನ್ನು 'ನಿಷ್ಠಾವಂತ' ಸೇವಕರೆಂದು ಕರೆಯುತ್ತದೆ. ಮನೆ ಬಿಟ್ಟು ಓಡಿಹೋಗಲು ನೋಡಿದವರೂ ಇದ್ದ ಜಾಗದಲ್ಲಿ ಆ ವಿಶೇಷಣವನ್ನು ಹಂಚಿದವರು ಯಾರೋ. 1983ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರೂಪಿಸಿದ ಸ್ಮಾರಕ ಮೇಲು: ಮೂರು ಸುತ್ತಿನ ಮೆಟ್ಟಿಲು, ನಡುವೆ ತುಂಡಾದ ಬೂದು ಕಂಬ.

2014ರಿಂದ ಇಲ್ಲಿ ಪುರಾತತ್ವದವರು ಕೆಲಸ ಮಾಡಿದ್ದಾರೆ. ಗುಂಡಿ ತೋಡುವುದಿಲ್ಲ, ಮೇಲಿನ ಪದರವನ್ನಷ್ಟೇ ಕೆರೆದು ಮಣ್ಣಿನ ಬಣ್ಣ ನೋಡುತ್ತಾರೆ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಸುತ್ತಲಿನ ಮಣ್ಣಿನೊಡನೆ ಎಂದೂ ಬೆರೆಯದು. ಉದ್ದನೆಯ ಚೌಕದ ಮಚ್ಚೆಯಾಗಿ ಉಳಿದಿರುತ್ತದೆ. ಅದನ್ನು ಗುರುತು ಹಾಕಿ ಮತ್ತೆ ಮುಚ್ಚುತ್ತಾರೆ. ಎಲುಬು ಮುಟ್ಟದೆ ಲೆಕ್ಕ ಸಿಗುವ ಈ ವಿಧಾನ ನನ್ನ ಮನಸ್ಸಿಗೆ ಬಂತು.

ಎರಡನೆಯ ದಿನ: ಬ್ರಿಡ್ಜಸ್ ಕ್ರೀಕ್, ಫ್ರೆಡ್ರಿಕ್ಸ್‌ಬರ್ಗ್

ಬೆಳಿಗ್ಗೆ ನದಿಯ ಜೊತೆಜೊತೆಗೇ ಕೆಳಗೆ ಇಳಿದು ವೆಸ್ಟ್‌ಮೋರ್ಲೆಂಡ್ ಕೌಂಟಿಗೆ ಹೋದೆವು. ಹೆದ್ದಾರಿ ಬಿಟ್ಟ ಮೇಲೆ ಕೊಯ್ಲಾದ ಮೆಕ್ಕೆಜೋಳದ ಹೊಲಗಳು. ಊರ ಕಡೆಯ ನೆನಪಾಗಿ ಕಾರು ನಿಲ್ಲಿಸಿ ಒಂದು ತೆನೆಯನ್ನಾದರೂ ನೋಡೋಣ ಎಂದೆ. ಇಲ್ಲಿ ಇನ್ನೊಬ್ಬರ ಹೊಲಕ್ಕೆ ಕಾಲಿಟ್ಟರೆ ಬಂದೂಕು ಹಿಡಿದು ಬಂದಾರು ಎಂದು ಮಗಳು ಹೆದರಿಸಿದಳು.

ವಾಷಿಂಗ್ಟನ್ ಹುಟ್ಟಿದ್ದು ಇಲ್ಲಿನ ಪೋಪ್ಸ್ ಕ್ರೀಕ್ ಎಂಬ ಹಳ್ಳದ ಬದಿಯಲ್ಲಿ, 1732ರಲ್ಲಿ. ರಾಜಧಾನಿಯಲ್ಲಿರುವ ಸ್ಮಾರಕ ಸ್ತಂಭದ ಹತ್ತನೆಯ ಒಂದು ಭಾಗದಷ್ಟು ಎತ್ತರದ ಕಲ್ಲುಕಂಬ ಬಾಗಿಲಲ್ಲೇ ನಿಂತಿದೆ. ಒಳಗೊಂದು ಚೆಂದದ ಇಟ್ಟಿಗೆ ಮನೆ. ಅದು ಅವನು ಹುಟ್ಟಿದ ಮನೆಯಲ್ಲ. ಹುಟ್ಟಿದ ಮನೆ 1779ರ ಕ್ರಿಸ್‌ಮಸ್ ದಿನ ಸುಟ್ಟು ಹೋಯಿತು. ಸ್ಮಾರಕ ಸಂಘದವರು ಭಕ್ತಿಯಿಂದ ಹೊಸ ಮನೆ ಕಟ್ಟಿ 1931ರಲ್ಲಿ ಮುಗಿಸಿದರು. ನಿಜವಾದ ಅಡಿಪಾಯ ಪಕ್ಕದಲ್ಲೇ ಬೇರೆ ಕಡೆ ಸಿಕ್ಕಿತು. ಆ ಅಡಿಪಾಯದ ಗೆರೆಯನ್ನು ಈಗ ಪುಡಿ ಮಾಡಿದ ಸಿಂಪಿಯ ಚಿಪ್ಪಿನಿಂದ ನೆಲದ ಮೇಲೆ ಎಳೆದಿದ್ದಾರೆ. ಕಟ್ಟುವ ಮೊದಲು ಅಳೆಯಿರಿ ಎಂದು ಕೂಗಿ ಹೇಳುವ ಅವಕಾಶ ಇಂಥದ್ದು ಮತ್ತೆ ಸಿಗದು ಎಂದು ಅಳಿಯನಿಗೆ ಸ್ವಲ್ಪ ದೀರ್ಘವಾಗಿಯೇ ಉಪದೇಶ ಮಾಡಿದೆ.

ಕುಟುಂಬದ ಸಮಾಧಿ ಅಲ್ಲಿಂದ ಮೈಲಿಯಾಚೆ, ಬ್ರಿಡ್ಜಸ್ ಕ್ರೀಕ್ ಬಳಿ ಇದೆ. ಹೊಲದ ನಡುವೆ ಇಟ್ಟಿಗೆಯ ಪ್ರಾಕಾರ, ಅದರೊಳಗೆ ಕೆಲವೇ ಹಾಸುಗಲ್ಲುಗಳು. ವಾಷಿಂಗ್ಟನ್ನನ ಮುತ್ತಜ್ಜ ಜಾನ್ 1657ರ ಹೊತ್ತಿಗೆ ತಂಬಾಕಿನ ವ್ಯಾಪಾರದ ಹಡಗಿನಲ್ಲಿ ಇಲ್ಲಿಗೆ ಬಂದವನು. ಹಡಗು ಪೊಟೊಮ್ಯಾಕ್‌ನಲ್ಲಿ ನೆಲ ಕಚ್ಚಿತು, ಅವನು ಇಲ್ಲೇ ಉಳಿದ, 1664ರಲ್ಲಿ ಈ ಜಮೀನು ಕೊಂಡ. ಅವನೂ, ಅವನ ಮಗ ಲಾರೆನ್ಸ್, ಮೊಮ್ಮಗ ಆಗಸ್ಟಿನ್ ಸೇರಿ ಮನೆತನದ 32 ಮಂದಿ ಈ ಪ್ರಾಕಾರದೊಳಗೆ ಇದ್ದಾರೆ. ಆಗಸ್ಟಿನ್ 1743ರಲ್ಲಿ ಸತ್ತಾಗ ಜಾರ್ಜ್‌ಗೆ 11 ವರ್ಷ.

ಕ್ರೈಸ್ತರಾಗಿಯೂ ಇವರು ಚರ್ಚಿನ ಅಂಗಳಕ್ಕೆ ಹೋಗದೆ ಹೊಲದಲ್ಲೇಕೆ ಹೂತರು ಎಂದು ಹೆಂಡತಿ ಕೇಳಿದಳು. ಕಾರಣ ತಂಬಾಕು. ತಂಬಾಕು ನೆಲದ ಸಾರ ಹೀರುವ ಬೆಳೆ; ಹೊಸ ನೆಲ ಬೇಕೇ ಬೇಕು, ಸರಕು ಸಾಗಿಸಲು ನದಿ ಬೇಕು. ಹಾಗಾಗಿ ವರ್ಜೀನಿಯಾದ ಜಮೀನ್ದಾರರು ಊರು ಕಟ್ಟದೆ ನದಿಗಳ ಉದ್ದಕ್ಕೂ ಚದುರಿ ಕುಳಿತರು. ಚರ್ಚು ಎಷ್ಟೋ ಮೈಲಿ ಆಚೆ, ಮಳೆಗಾಲದ ದಾರಿ, ಬೇಸಿಗೆಯ ಹೆಣ. ಮನೆಯ ತೋಟವೇ ಸ್ಮಶಾನವಾಯಿತು. ಕರಾವಳಿಯ ಈ ಮರಳು ನೆಲದಲ್ಲಿ ಕಲ್ಲು ಸಿಗುತ್ತಿರಲಿಲ್ಲವಾದ್ದರಿಂದ ಸ್ಥಿತಿವಂತರು ಸಮಾಧಿಗಲ್ಲನ್ನು ಇಂಗ್ಲೆಂಡಿನಿಂದ ತರಿಸುತ್ತಿದ್ದರು.

ಜಮೀನು ಕೈಬದಲಾದರೆ ಗತಿ ಏನು? ಖಾಸಗಿ ಜಮೀನಿನೊಳಗೆ ಸಮಾಧಿ ಇದ್ದರೆ ಸತ್ತವರ ವಂಶದವರು ಅಲ್ಲಿಗೆ ಹೋಗಿ ಬರಲು ಮಾಲೀಕ ದಾರಿ ಬಿಡಬೇಕು ಎಂದು ವರ್ಜೀನಿಯಾದಲ್ಲಿ ಕಾನೂನೇ ಇದೆ. ಮುಂಚಿತವಾಗಿ ತಿಳಿಸಿ ಹೋಗಬೇಕು ಅಷ್ಟೆ. ಇದನ್ನು ಓದಿ ಹೇಳಿದ ಮಗಳಿಗೆ ಅದು ಸಣ್ಣ ಮಾಹಿತಿ. ಬೇಲಿ ಕಿತ್ತುಹಾಕಿದ್ದಾರೆಂದು ಹೊಡೆದಾಡಿಕೊಂಡ ಅಣ್ಣತಮ್ಮಂದಿರ ನಡುವೆ ಟಿಪ್ಪಣಿ ಹಿಡಿದು ನಿಂತ ನನಗೆ ಹಾಗಲ್ಲ.

ಸಂಜೆಗೆ ಫ್ರೆಡ್ರಿಕ್ಸ್‌ಬರ್ಗ್ ತಲುಪಿದೆವು. ವಾಷಿಂಗ್ಟನ್ನನ ತಾಯಿ ಮೇರಿ 1789ರಲ್ಲಿ ತೀರಿಕೊಂಡು ಇಲ್ಲಿ ಮಗಳ ಮನೆಯ ಜಮೀನಿನಲ್ಲಿ ಮಣ್ಣಾದಳು. 1833ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸ್ವತಃ ಬಂದು ಸ್ಮಾರಕಕ್ಕೆ ಶಂಕುಸ್ಥಾಪನೆ ಮಾಡಿದ. ದುಡ್ಡು ಹಾಕಿದವನು ದಿವಾಳಿಯಾಗಿ ಅದು ಅರ್ಧಕ್ಕೇ ನಿಂತಿತು. ಕೊನೆಗೆ 1889ರಲ್ಲಿ ಆ ಜಮೀನು, ಸಮಾಧಿ ಸಮೇತ, ಹರಾಜಿಗಿದೆ ಎಂದು ಪತ್ರಿಕೆಯಲ್ಲಿ ಜಾಹೀರಾತು ಬಂತು! ದೇಶದ ಹೆಂಗಸರು ಸಿಡಿದೆದ್ದರು, ಸಂಘ ಕಟ್ಟಿದರು, ಹಣ ಕೂಡಿಸಿದರು. 1894ರಲ್ಲಿ ಹೊಸ ಸ್ತಂಭ ನಿಂತಿತು. ಸಮಾಧಿಯ ಜಾಗ ಬಿಡದೆ ಪತ್ರ ಬರೆದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನ್ನ ಸೇವಾವಧಿಯಲ್ಲಿ ನೋಡಿಲ್ಲ.

ರಾತ್ರಿ ಉಳಿದ ಹೋಟೆಲಿನಲ್ಲಿ ಬುತ್ತಿ ಖಾಲಿಯಾಯಿತು.

ಮೂರನೆಯ ದಿನ: ಮೊಂಟಿಸೆಲೊ

ದಾರಿಯಲ್ಲಿ ಆರೆಂಜ್ ಬಳಿಯ ಮೊಂಟ್‌ಪೆಲಿಯರ್‌ನಲ್ಲಿ ಸ್ವಲ್ಪ ಹೊತ್ತು ಇಳಿದೆವು. ಸಂವಿಧಾನದ ಕರಡಿನ ಹಿಂದಿದ್ದ ಜೇಮ್ಸ್ ಮ್ಯಾಡಿಸನ್ 1836ರಲ್ಲಿ ಸತ್ತ ಮೇಲೆ ಎರಡು ದಶಕ ಅವನ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲವಂತೆ. ಅವನ ಅಜ್ಜ ಆಂಬ್ರೋಸ್ 1732ರಲ್ಲಿ ಈ ಜಮೀನಿಗೆ ಬಂದು ಕೆಲವೇ ತಿಂಗಳಲ್ಲಿ ಸತ್ತ. ವಿಷ ಹಾಕಿದರೆಂದು ಮೂವರು ಗುಲಾಮರ ಮೇಲೆ ವಿಚಾರಣೆ ನಡೆಸಿ ಒಬ್ಬನನ್ನು ಗಲ್ಲಿಗೇರಿಸಿದರು. ಉಳಿದಿಬ್ಬರಿಗೆ ಚಾಟಿಯೇಟು ಕೊಟ್ಟು ಮತ್ತೆ ಅದೇ ಹೊಲಕ್ಕೆ ಕೆಲಸಕ್ಕೆ ಕಳಿಸಿದರು.

ಮೊಂಟಿಸೆಲೊ ಷಾರ್ಲಟ್ಸ್‌ವಿಲ್ ಊರಿನ ಮೇಲಿನ ಗುಡ್ಡದ ನೆತ್ತಿಯಲ್ಲಿದೆ. ದೇಶದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ತಾನೇ ನಕ್ಷೆ ಬರೆದು ಕಟ್ಟಿಸಿದ ಮನೆ. ಅವನಪ್ಪ ಪೀಟರ್ ಜೆಫರ್ಸನ್ ವರ್ಜೀನಿಯಾದ ಪ್ರಸಿದ್ಧ ಭೂಪಟ ತಯಾರಿಸಿದ ಇಬ್ಬರು ಸರ್ವೆಯರ್‌ಗಳಲ್ಲಿ ಒಬ್ಬ. ಮನೆಯ ಒಳಗೆ ಮಾರ್ಗದರ್ಶಿ ಹೇಳಿದ ಒಂದು ಕಥೆಗೆ ನನ್ನ ಕಿವಿ ನಿಮಿರಿತು. 1781ರ ಜೂನ್ 4ರಂದು ಇಂಗ್ಲಿಷ್ ಕುದುರೆ ಪಡೆ ಜೆಫರ್ಸನ್ನನನ್ನು ಹಿಡಿಯಲು ಈ ಗುಡ್ಡ ಹತ್ತಿತು. ಅವನು ಸ್ವಲ್ಪದರಲ್ಲೇ ತಪ್ಪಿಸಿಕೊಂಡ. ಪಡೆಯನ್ನು ಕಳಿಸಿದವನು ಲಾರ್ಡ್ ಕಾರ್ನ್‌ವಾಲಿಸ್. "ನಮ್ಮ ಕಾರ್ನ್‌ವಾಲಿಸ್ಸೇ?" ಎಂದು ಹೆಂಡತಿ ಜೋರಾಗಿಯೇ ಕೇಳಿದಳು. ಅವನೇ. ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ನನಿಗೆ ಶರಣಾದವನು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಒಯ್ದ. ಅವನ ಸಮಾಧಿ ಇರುವುದು ಗಂಗೆಯ ದಂಡೆಯ ಗಾಜಿಪುರದಲ್ಲಿ. ಅದೇ 1781ರಲ್ಲಿ ಅವನು ಜೆಫರ್ಸನ್ನನ ಇನ್ನೊಂದು ಜಮೀನಿನಲ್ಲಿ ಬೀಡುಬಿಟ್ಟು ಕಣಜ ಸುಟ್ಟು, ಸುಮಾರು 30 ಗುಲಾಮರನ್ನೂ ಕರೆದೊಯ್ದಿದ್ದ. ಬಿಡುಗಡೆ ಕೊಡಲೆಂದು ಒಯ್ದಿದ್ದರೆ ಅವನು ಮಾಡಿದ್ದು ಸರಿಯಾಗುತ್ತಿತ್ತು ಎಂದು ಜೆಫರ್ಸನ್ ಆಮೇಲೆ ಒಂದು ಪತ್ರದಲ್ಲಿ ಬರೆದ. ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡವನು ಇದನ್ನು ಯಾವ ಮುಖ ಹೊತ್ತು ಬರೆದನೋ.

ಮನೆಯಿಂದ ಕೆಳಗೆ ನಡೆದು ಬರುವ ಕಾಡುದಾರಿಯಲ್ಲಿ ಕುಟುಂಬದ ಸಮಾಧಿ ಸಿಗುತ್ತದೆ. ಓಕ್ ಎಲೆಗಳು ಕಾಲಡಿ ಚರಚರ ಎನ್ನುತ್ತಿದ್ದವು. ಈ ಜಾಗ ಆರಿಸಿದ್ದರ ಹಿಂದೆ ಒಂದು ಗೆಳೆತನವಿದೆ. ಹುಡುಗರಾಗಿದ್ದಾಗ ಜೆಫರ್ಸನ್ ಮತ್ತು ಡ್ಯಾಬ್ನಿ ಕಾರ್ ಇಲ್ಲೊಂದು ಓಕ್ ಮರದ ಕೆಳಗೆ ಓದುತ್ತಿದ್ದರು. ಯಾರು ಮೊದಲು ಸತ್ತರೂ ಇನ್ನೊಬ್ಬ ಅವನನ್ನು ಈ ಮರದಡಿ ಹೂಳಬೇಕೆಂದು ಮಾತಾಗಿತ್ತು. ಕಾರ್ ಮುಂದೆ ಜೆಫರ್ಸನ್ನನ ತಂಗಿಯನ್ನು ಮದುವೆಯಾದ, 1773ರ ಮೇ ತಿಂಗಳಲ್ಲಿ 29ನೆಯ ವಯಸ್ಸಿಗೆ ಸತ್ತ. ಜೆಫರ್ಸನ್ ಊರಲ್ಲಿರಲಿಲ್ಲ, ಬಂದವನೇ ಬೇರೆಡೆ ಹೂತಿದ್ದ ಗೆಳೆಯನನ್ನು ಇಲ್ಲಿಗೆ ತರಿಸಿದ.

ಆ ದಿನಗಳಲ್ಲಿ ಅವನು ಲೆಕ್ಕದ ಪುಸ್ತಕದಲ್ಲಿ ಬರೆದ ಟಿಪ್ಪಣಿ ನನ್ನ ವೃತ್ತಿಯವರು ಓದಬೇಕಾದದ್ದು. ಇಬ್ಬರು ಆಳುಗಳು 80 ಅಡಿ ಚೌಕದ ಸ್ಮಶಾನವನ್ನು, ಅಂದರೆ ಎಕರೆಯ ಏಳನೆಯ ಒಂದು ಭಾಗವನ್ನು, ಮೂರೂವರೆ ಗಂಟೆಯಲ್ಲಿ ಬೇರು ಕಿತ್ತು ಹಸನು ಮಾಡಿದರು. ಒಬ್ಬನೇ ಆಗಿದ್ದರೆ ಏಳು ಗಂಟೆ. ಒಂದು ಎಕರೆಗೆ 49 ಗಂಟೆ, ಅಂದರೆ ನಾಲ್ಕು ದಿನ. ಬೇಲಿಯ ಪಕ್ಕ ನಿಂತು ಮೊಬೈಲ್‌ನಲ್ಲಿ ಲೆಕ್ಕ ಹಾಕಿದೆ. 6,400 ಚದರ ಅಡಿ, ನಮ್ಮ ಅಳತೆಯಲ್ಲಿ ಆರು ಗುಂಟೆಗೆ ಸ್ವಲ್ಪ ಕಡಿಮೆ. ಅವನ ಲೆಕ್ಕ ಹತ್ತಿರ ಹತ್ತಿರ ಸರಿ. 49 ಗಂಟೆಯನ್ನು ನಾಲ್ಕು ದಿನ ಎಂದರೆ ದಿನಕ್ಕೆ ಹನ್ನೆರಡು ಗಂಟೆಗೂ ಮೀರಿದ ದುಡಿಮೆ ಎಂದಾಯಿತು. ಪ್ರಾಣಸ್ನೇಹಿತನ ಗೋರಿಯ ಜಾಗದಲ್ಲೂ ಕೂಲಿಯ ಲೆಕ್ಕ ಬಿಡದ ಮನುಷ್ಯ, ಆ ಇಬ್ಬರ ಹೆಸರನ್ನು ಮಾತ್ರ ಬರೆಯಲಿಲ್ಲ.

ಜೆಫರ್ಸನ್ನನ ಹೆಂಡತಿ, ಅವಳ ಹೆಸರೂ ಮಾರ್ಥಾ, 1782ರಲ್ಲಿ 33ನೆಯ ವಯಸ್ಸಿಗೆ ಹೋದಳು. ಅವಳ ಕಲ್ಲಿನ ಮೇಲೆ ಅವನು ಹೋಮರನ ಗ್ರೀಕ್ ಸಾಲುಗಳನ್ನು ಕೆತ್ತಿಸಿದ. ತನ್ನ ಕಲ್ಲಿಗೂ ಅಳತೆ ಸಮೇತ ಚಿತ್ರ ಬರೆದಿಟ್ಟ: ಮೂರಡಿಯ ಘನ, ಅದರ ಮೇಲೆ ಆರಡಿಯ ಸ್ತಂಭ, ಒರಟು ಕಲ್ಲು, ಕಲ್ಲಿನ ಆಸೆಗೆ ಯಾರೂ ಒಡೆಯದಿರಲಿ ಎಂದು. ಮೇಲೆ ಬರೆಯಬೇಕಾದ್ದು ಮೂರೇ: ಸ್ವಾತಂತ್ರ್ಯ ಘೋಷಣೆಯ ಕರ್ತೃ, ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯ ಶಾಸನದ ಕರ್ತೃ, ವರ್ಜೀನಿಯಾ ವಿಶ್ವವಿದ್ಯಾಲಯದ ಜನಕ. ಇದರ ಮೇಲೆ ಒಂದು ಪದವೂ ಬೇಡ ಎಂದ. ಎರಡು ಅವಧಿ ಅಧ್ಯಕ್ಷನಾಗಿದ್ದುದಕ್ಕೆ ಜಾಗವಿಲ್ಲ. 1826ರ ಜುಲೈ 4ರಂದು, ಘೋಷಣೆಯ ಐವತ್ತನೆಯ ವಾರ್ಷಿಕದ ದಿನವೇ ಸತ್ತ.

ಒರಟು ಕಲ್ಲನ್ನೂ ಜನ ಬಿಡಲಿಲ್ಲ. ಬಂದ ಬಂದವರು ನೆನಪಿಗೆಂದು ಚೂರು ಒಡೆದುಕೊಂಡು ಹೋದರು. 1882ರಲ್ಲಿ ಕಾಂಗ್ರೆಸ್ 10,000 ಡಾಲರ್ ಮಂಜೂರು ಮಾಡಿ ದೊಡ್ಡ ಸ್ತಂಭ ನಿಲ್ಲಿಸಿತು. ನಾವು ನೋಡಿದ್ದು ಅದನ್ನು. ಅಸಲಿ ಕಲ್ಲು ಈಗ ಮಿಸೌರಿ ವಿಶ್ವವಿದ್ಯಾಲಯದಲ್ಲಿದೆ. ಕಬ್ಬಿಣದ ಬೇಲಿಯ ಗೇಟಿಗೆ ಬೀಗ. ಕಂಬದ ಬುಡದಲ್ಲಿ ಐದು ಸೆಂಟಿನ ನಾಣ್ಯಗಳು ಬಿದ್ದಿದ್ದವು. ಆ ನಾಣ್ಯದ ಒಂದು ಬದಿ ಅವನ ಮುಖ, ಇನ್ನೊಂದು ಬದಿ ಅವನ ಮನೆ.

ಅವನು ಬಿಟ್ಟು ಹೋದ ಸಾಲ ಒಂದು ಲಕ್ಷ ಡಾಲರ್ ದಾಟಿತ್ತು. 1827ರ ಜನವರಿಯಲ್ಲಿ 130 ಗುಲಾಮರನ್ನು ಹರಾಜಿಗಿಟ್ಟರು, 1831ರಲ್ಲಿ ಮನೆಯನ್ನೂ ಮಾರಿದರು. ಸ್ಮಶಾನವನ್ನು ಮಾತ್ರ ಬಿಟ್ಟು ಬರೆಸಿಕೊಂಡರು. ಮನೆ ಈಗ ಒಂದು ಪ್ರತಿಷ್ಠಾನದ್ದು. ಈ ಬೇಲಿಯೊಳಗಿನ ನೆಲ ಇಂದಿಗೂ ವಂಶಸ್ಥರ ಸಂಘದ್ದು. ಅವನ ಇಬ್ಬರು ಹೆಣ್ಣುಮಕ್ಕಳ ಸಂತತಿಯವರಿಗೆ ಇಂದೂ ಇಲ್ಲಿ ಮಣ್ಣಾಗುವ ಹಕ್ಕಿದೆ. ನಮ್ಮ ಮುದುಕರು ಇದನ್ನು ಕೇಳಿದ್ದರೆ ಮೆಚ್ಚುತ್ತಿದ್ದರು.

ಮೆಚ್ಚದ ಭಾಗವೂ ಇದೆ. ಜೆಫರ್ಸನ್ನನ ಗುಂಡಿ ತೋಡಿದವನು ತೋಟದ ಆಳು ವರ್ಮ್ಲಿ ಹ್ಯೂಸ್, ಶವಪೆಟ್ಟಿಗೆ ಮಾಡಿದವನು ಬಡಗಿ ಜಾನ್ ಹೆಮ್ಮಿಂಗ್ಸ್. ಆರು ತಿಂಗಳ ಮೇಲೆ ಹರಾಜಿನಲ್ಲಿ ಹ್ಯೂಸ್‌ನ ಹೆಂಡತಿ ಮಕ್ಕಳು ಮಾರಾಟವಾದರು. ಜಾನ್‌ನ ಅಕ್ಕತಂಗಿಯರ ಸಾಲಿನಲ್ಲಿ ಸ್ಯಾಲಿ ಹೆಮಿಂಗ್ಸ್ ಇದ್ದಳು. ಅವಳು ಜೆಫರ್ಸನ್ನನ ಹೆಂಡತಿಯ ಅಪ್ಪನಿಗೇ ಹುಟ್ಟಿದವಳೆಂದು ಇತಿಹಾಸಕಾರರು ಒಪ್ಪುತ್ತಾರೆ. 1998ರ ಡಿಎನ್‌ಎ ಪರೀಕ್ಷೆ, ಮತ್ತಿತರ ದಾಖಲೆಗಳನ್ನು ತೂಗಿ ನೋಡಿದ ಪ್ರತಿಷ್ಠಾನ, ಅವಳ ಮಕ್ಕಳ ತಂದೆ ಜೆಫರ್ಸನ್ನನೇ ಎಂದು ತೀರ್ಮಾನಿಸಿತು. ಆ ಮಕ್ಕಳ ವಂಶದವರು ಈ ಬೇಲಿಯೊಳಗೆ ಪಾಲು ಕೇಳಿದರು. 2002ರಲ್ಲಿ ಸಂಘ ಮತಕ್ಕೆ ಹಾಕಿ ನಿರಾಕರಿಸಿತು.

ಸ್ಯಾಲಿ 1835ರಲ್ಲಿ ಸತ್ತಳು. ಅವಳ ಸಮಾಧಿಯ ಜಾಗ ಇಂದು ಯಾರಿಗೂ ಗೊತ್ತಿಲ್ಲ. ಉಳಿದ ಗುಲಾಮರ ಒಂದು ಸ್ಮಶಾನ ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ಇದೆ. ಪುರಾತತ್ವದವರು 2001ರಲ್ಲಿ ಖಚಿತಪಡಿಸಿದರು: 40ಕ್ಕೂ ಹೆಚ್ಚು ಗುಂಡಿಗಳು. ಮರದ ಬೇಲಿ, ಒಳಗೆ ಕುಸಿದ ನೆಲ, ತಲೆಗೊಂದು ಕಾಲಿಗೊಂದು ನೆಟ್ಟ ಕಾಡುಗಲ್ಲು. ನಮ್ಮ ಕಾರು ಅಲ್ಲಿಂದ ಕೂಗಳತೆಯಲ್ಲಿತ್ತು. ಹೆಂಡತಿ ಚಪ್ಪಲಿ ಬಿಟ್ಟು ಬೇಲಿಯ ಹೊರಗೇ ಕೈಮುಗಿದಳು. ಮಹಾಲಯ ಅಮಾವಾಸ್ಯೆ ಆಗಷ್ಟೇ ಕಳೆದಿತ್ತು.

ಫೇರ್‌ಫ್ಯಾಕ್ಸ್‌ಗೆ ಮರಳುವ ದಾರಿಯಲ್ಲಿ ಅಳಿಯ ಕೇಳಿದರು: "ಮಾವ, ಈ ಹೆಮಿಂಗ್ಸ್ ಮನೆಯವರ ತಕರಾರು ನಿಮ್ಮ ತಾಲ್ಲೂಕು ಕಚೇರಿಗೆ ಬಂದಿದ್ದರೆ ಏನು ಮಾಡುತ್ತಿದ್ದಿರಿ?"

"ಇದು ಪೌತಿ ಖಾತೆಯ, ಸತ್ತವರ ಆಸ್ತಿ ವಾರಸುದಾರರ ಹೆಸರಿಗೆ ಮಾಡುವ ತಕರಾರು," ಎಂದೆ. "ಇನ್ನೊಬ್ಬಳ ಮಕ್ಕಳನ್ನು ವಂಶವೃಕ್ಷದಿಂದ ಬಿಟ್ಟು ಅರ್ಜಿ ಕೊಡುವುದು ಪ್ರತಿ ಹೋಬಳಿಯಲ್ಲೂ ಇದ್ದದ್ದೇ. ಅದನ್ನು ತೀರ್ಮಾನಿಸುವುದು ತಹಶೀಲ್ದಾರರ ಕೆಲಸ, ಕೋರ್ಟಿನ ಕೆಲಸ. ಸರ್ವೆಯರ್ ನೆಲ ಅಳೆದು ಕಲ್ಲು ನೆಡುತ್ತಾನೆ ಅಷ್ಟೆ."

"ಸೇವೆಯಲ್ಲಿದ್ದಷ್ಟು ಕಾಲ ಇದನ್ನೇ ಹೇಳಿ ಎದ್ದು ಬರುತ್ತಿದ್ದಿರಿ," ಎಂದು ಹೆಂಡತಿ ಹಿಂದಿನ ಸೀಟಿನಿಂದ ಹೇಳಿದಳು. "ಮುಂದಿನ ರಜೆಗೆ ನ್ಯೂಜೆರ್ಸಿ."